ಮೂರನೆಯ ಪಾದ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ವೈದ್ಯ, ಔಷಧ, ಉಪಸ್ಥಾತೃ, ರೋಗಿ ಇವೇ ಆ ನಾಲ್ಕು. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಆಚಾರ್ಯರು ಎಣಿಸಿರುವರು. ಉಪಸ್ಥಾತೃವೆಂದರೆ ರೋಗಿಯ ಬಳಿಯಲ್ಲಿ ನಿಂತು ಶುಶ್ರೂಷೆ ಮಾಡುವವನು. ಅವನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇಷ್ಟು ಬೇಕು. ಹಲವು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದ ನನಗೆ ಈ ಪಟ್ಟಿಯು ಬಾಯಿಪಾಠವಾಗಿದ್ದಿತು. ಅದರಲ್ಲಿ ಮೂರನೆಯ ಪಾದವು ಎಷ್ಟು ಭಾರವನ್ನು ಹೊರುತ್ತದೆಂಬದನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತನಾದ ಮೇಲೆ, ನಮ್ಮ ಧುಪದಾಳದ ಓಣಿಯಲ್ಲಿ.

ನಮ್ಮ ಕಡೆಗೆ ಕ್ಯಾನ್ಸರ್ ಎಂಬ ಹೆಸರನ್ನು ಮನೆಯೊಳಗೆ ಸಾಮಾನ್ಯವಾಗಿ ಯಾರೂ ಉಚ್ಚರಿಸುವದಿಲ್ಲ. 'ದೊಡ್ಡ ಬ್ಯಾನಿ' ಎಂದು ಧ್ವನಿಯನ್ನು ತಗ್ಗಿಸಿ ಹೇಳುವರು. ಹೆಸರೇನೋ ಹಳೆಯದೇ. ಸುಶ್ರುತನು ಅರ್ಬುದವೆಂದು ಕರೆದು, ಅದು ದುಂಡಗೆ, ಅಲುಗಾಡದೆ, ಆಳವಾಗಿ ಬೇರೂರಿ, ತಡವಾಗಿ ಬೆಳೆಯುವ, ಕೀವಾಗದ ಗಡ್ಡೆಯೆಂದು ವರ್ಣಿಸಿರುವನು. ಗ್ರೀಕರು ಏಡಿಯ ಹೆಸರನ್ನಿಟ್ಟರು. ಅದನ್ನು ಅನುಸರಿಸಿಯೇ ಕನ್ನಡದಲ್ಲಿ ಏಡಿಗಂತಿ ಎಂಬ ಮಾತು ಹುಟ್ಟಿತು. ಹೆಸರನ್ನು ಮುಚ್ಚಿಟ್ಟರೆ ರೋಗವು ನಿಲ್ಲುವದಿಲ್ಲ. ನಿಲ್ಲುವದು ನೆರೆಯವರ ಸಹಾಯ. ಏನು ಬೇನೆಯೆಂದು ತಿಳಿಯದೆ ಯಾರು ತಾನೆ ಏನು ಮಾಡಬಲ್ಲರು? ರೋಗಿಗೆ ಇರಬೇಕಾದ ನಾಲ್ಕು ಗುಣಗಳಲ್ಲಿ ಜ್ಞಾಪಕತ್ವವೆಂಬದೊಂದು. ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿ ಎಂದು ಅದರ ಅರ್ಥ. ನಮ್ಮ ಹೆಣ್ಣುಮಕ್ಕಳಿಗೆ ನಾವು ಕಲಿಸಿರುವದು ಇದಕ್ಕೆ ನೇರ ವಿರುದ್ಧವಾದ ಗುಣವನ್ನು.

ನಮ್ಮ ಓಣಿಯ ಒಂದು ಒಕ್ಕಲುತನದ ಮನೆಯಲ್ಲಿ ಹಾಗೆಯೇ ಆಯಿತು. ಎದೆಯಲ್ಲಿ ಕಾಣಿಸಿದ ಗಂಟನ್ನು ಆ ಗೃಹಿಣಿಯು ಏಳು ತಿಂಗಳು ಗಂಡನಿಗೂ ಹೇಳಲಿಲ್ಲ. ಮನೆಯಲ್ಲಿ ಗಂಡ, ಕಣ್ಣು ಮಂಜಾದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎರಡು ಎಮ್ಮೆ, ಎರಡೂವರೆ ಎಕರೆ ಕಬ್ಬು. ಇಷ್ಟೂ ಜನರಿಗೆ, ಇಷ್ಟೂ ಜೀವಗಳಿಗೆ ಉಪಸ್ಥಾತೃ ಆಕೆಯೇ. ಆಕೆಯೇ ಹಾಸಿಗೆ ಹಿಡಿದರೆ ಯಾರು ಯಾರನ್ನು ನೋಡಬೇಕು? ಶಾಸ್ತ್ರಕಾರರು ಈ ಪ್ರಶ್ನೆಯನ್ನು ಎತ್ತಿದಂತೆ ನನಗೆ ನೆನಪಿಲ್ಲ. ಅವರ ಕಾಲದ ಮನೆಗಳಲ್ಲಿ ಪ್ರಾಯಶಃ ಜನ ಹೆಚ್ಚಿದ್ದರು.

ಸುದ್ದಿಯು ಹೊರಬಿದ್ದ ಮೊದಲನೆಯ ವಾರದಲ್ಲಿ ಮಾತಾಡಿಸಲು ಬಂದವರಿಗೆ ಲೆಕ್ಕವಿಲ್ಲ. ಬಂದವರಿಗೆಲ್ಲ ಆ ಮುದುಕಿ ಚಹ ಕಾಸಿದಳು. ಬಂದವರೆಲ್ಲ ಕತೆಯನ್ನು ಮೊದಲಿನಿಂದ ಹೇಳಿಸಿದರು. ತಮಗೆ ಗೊತ್ತಿದ್ದ ಬೇರು, ಭಸ್ಮ, ದೇವರು, ಗೋಮೂತ್ರಗಳನ್ನು ಹೇಳಿದರು. ಅದೇ ಬೇನೆಯಿಂದ ಸತ್ತ ತಮ್ಮ ಬಳಗದವರ ಹೆಸರುಗಳನ್ನೂ ಹೇಳಿದರು. ಮೂರನೆಯ ವಾರಕ್ಕೆ, ಔಷಧದಿಂದ ತಲೆಗೂದಲು ಉದುರತೊಡಗಿದಾಗ, ಅಂಗಳವು ಬರಿದಾಯಿತು. ಬಂದ ಒಬ್ಬಿಬ್ಬರೂ ಕೊಟ್ಟ ನೀರನ್ನು ಕುಡಿಯದೆ ಎದ್ದರು. ಹಿಂದೆ ಕ್ಷಯದ ಮನೆಯಲ್ಲಿ ಹೀಗೆ ನಡೆಯುತ್ತಿದ್ದಿತು; ಕ್ಷಯವು ಗಾಳಿಯ ಮೂಲಕ ಅಂಟುವ ರೋಗವಾದ್ದರಿಂದ ಆ ಭಯಕ್ಕೆ ಆಧಾರವಿದ್ದಿತು. ಅರ್ಬುದವು ಒಬ್ಬರಿಂದ ಒಬ್ಬರಿಗೆ ಅಂಟುವದಿಲ್ಲ. ತಾಟು, ಲೋಟ, ಹಾಸಿಗೆಗಳನ್ನು ಬೇರೆಯಿಡಲು ಯಾವ ಕಾರಣವೂ ಇಲ್ಲ. ಅಪಾಯವು ಬೇರೊಂದು ದಿಕ್ಕಿನಿಂದ ಬರುತ್ತದೆ: ಈ ಔಷಧಗಳು ರಕ್ತದ ಬಿಳಿಯ ಕಣಗಳನ್ನು ಕಡಿಮೆ ಮಾಡುವದರಿಂದ ನಮ್ಮ ನೆಗಡಿ, ಕೆಮ್ಮು ರೋಗಿಗೆ ಕುತ್ತಾಗಬಹುದು. ಆಕೆಗೆ ನಾವು ಅಂಜಬೇಕಾಗಿಲ್ಲ, ನಮಗೆ ಆಕೆ ಅಂಜಬೇಕು.

ಪರಿಹಾರವು ಯಾವ ಸಭೆಯಿಂದಲೂ ಬರಲಿಲ್ಲ. ಎದುರುಮನೆಯ ಒಬ್ಬ ವಿಧವೆಯು ಒಂದು ಮುಂಜಾನೆ ಕೊಡವನ್ನು ಹಿಡಿದುಕೊಂಡು ಹೋಗಿ, "ಇಂದಿನಿಂದ ಎಮ್ಮೆ ಹಿಂಡೂದು ನನ್ನ ಕೆಲಸ" ಎಂದಳು; ಹೇಗಿದ್ದೀಯೆಂದು ಕೂಡ ಕೇಳಲಿಲ್ಲ. ಆ ಮನೆಯ ಮುದುಕಿ ಅಂದು ಮೊದಲ ಬಾರಿ ಅತ್ತಳೆಂದು ಕೇಳಿದ್ದೇನೆ.

ಧುಪದಾಳವು ಘಟಪ್ರಭೆಯ ಒಡ್ಡಿನ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಈ ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಬರುವದರಿಂದ ೧೯೭೪ರಲ್ಲಿ ಇದು ಪಕ್ಷಿಧಾಮವೂ ಆಯಿತು. ಒಕ್ಕಲಿಗನಿಗೆ ಮಾತ್ರ ಒಡ್ಡೆಂದರೆ ಕಾಲುವೆ, ಕಾಲುವೆಯೆಂದರೆ ಪಾಳಿ. ಯಾರ ಹೊಲಕ್ಕೆ ಯಾವ ರಾತ್ರಿ ಎಷ್ಟು ತಾಸು ನೀರು ಎಂಬದನ್ನು ಓದುಬರಹ ಬಾರದವನೂ ತಪ್ಪದೆ ಹೇಳಬಲ್ಲನು. ಪಾಳಿ ತಪ್ಪಿದರೆ ಬಡಿದಾಟವೇ ಆಗುವದು. ಹಾಗೆಯೇ ಮುಯ್ಯಾಳಿನ ಪದ್ಧತಿ. ನಿನ್ನ ಹೊಲದ ಕಳೆಗೆ ನಾನು, ನನ್ನ ಹೊಲದ ಕಳೆಗೆ ನೀನು. ನಡುವೆ ಕೂಲಿಯ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಇಂಥ ಜನಕ್ಕೆ ರೋಗಿಯ ಮನೆಯ ಕೆಲಸವನ್ನು ಹಂಚಿಕೊಳ್ಳುವದನ್ನು ಹೊಸದಾಗಿ ಕಲಿಸುವ ಅಗತ್ಯವೇನು? ಆ ವಿಧವೆಯ ಎಮ್ಮೆಯ ಕೆಲಸವನ್ನು ನೋಡಿ ಭಜನಾಮೇಳದ ನಾಲ್ಕು ಜನರು ನನ್ನ ಕಟ್ಟೆಗೆ ಬಂದು, "ಮಾಸ್ತರ, ನಿಮ್ಮ ಅಕ್ಷರ ಚಲೋ ಅದಾವು, ಒಂದು ಪಾಳಿ ಬರೀರಿ" ಎಂದರು. ನನ್ನ ಪಾತ್ರ ಇಷ್ಟೇ.

ವಹಿಯಲ್ಲಿ ಬರೆದದ್ದು ತೀರ ಸಾಮಾನ್ಯವಾದ ಸಂಗತಿಗಳು. ಎಮ್ಮೆಗೆ ಮೇವು ಯಾರು, ರಾತ್ರಿಯ ನೀರಿನ ಪಾಳಿಗೆ ಹೊಲಕ್ಕೆ ಯಾರು, ಮಕ್ಕಳ ಬುತ್ತಿ ಯಾರ ಮನೆಯಿಂದ, ದವಾಖಾನೆಗೆ ಜೊತೆಗೆ ಯಾರು. ಇವುಗಳಲ್ಲಿ ದವಾಖಾನೆಯ ಪಾಳಿಯೇ ಕಠಿಣ. ಮೊದಲು ನಮ್ಮ ಕಡೆಯವರು ಈ ಬೇನೆಗೆ ಮೀರಜಕ್ಕೋ ಹುಬ್ಬಳ್ಳಿಗೋ ಹೋಗುತ್ತಿದ್ದರು. ಕೆಲವರು ೧೯೪೧ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿ, ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಬೆಳಗಾವಿಯಲ್ಲಿ ೨೦೨೫ರ ಜನವರಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಅರ್ಬುದ ಆಸ್ಪತ್ರೆಯನ್ನು ರಾಷ್ಟ್ರಪತಿಯವರು ಉದ್ಘಾಟಿಸಿದ ಮೇಲೆ ದಾರಿ ಹತ್ತಿರವಾಗಿದೆ. ಆದರೆ ಕಿರಣಚಿಕಿತ್ಸೆಯೆಂಬದು ಒಂದು ದಿನದ ಕೆಲಸವಲ್ಲ. ವಾರಕ್ಕೆ ಐದು ದಿನದಂತೆ ಹಲವು ವಾರ ಹೋಗಬೇಕು. ಯಂತ್ರದ ಕೆಳಗೆ ಮಲಗುವದು ಕೆಲವೇ ನಿಮಿಷ, ಹೋಗಿ ಬರುವದಕ್ಕೆ ದಿನವೆಲ್ಲ. ಗಂಡನೊಬ್ಬನೇ ಪ್ರತಿದಿನ ಹೋದರೆ ಕಬ್ಬಿನ ಗತಿಯೇನು? ಏಳು ಜನರು ಸರದಿಯಿಂದ ಹೋದರು. ಅವರಲ್ಲಿ ಮೂವರು ಹೆಂಗಸರು. ಬೆಳಗಾವಿಯ ದವಾಖಾನೆಯನ್ನು ಅವರು ಹಿಂದೆಂದೂ ಕಂಡವರಲ್ಲ.

ಸರಕಾರದ ಸಹಾಯವೂ ಇದೆ, ಕೇಳಿ ಪಡೆಯಬೇಕು. ೨೦೧೮ರಿಂದ ನಡೆದಿರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ಆಶ್ರಯವಿದೆ. ಚಿಕಿತ್ಸೆಗಾಗಿ ರೇಲ್ವೆಯಲ್ಲಿ ಹೋಗುವ ಅರ್ಬುದರೋಗಿಗೆ, ಆಸ್ಪತ್ರೆಯಿಂದ ನಿಗದಿಯಾದ ನಮೂನೆಯ ಪ್ರಮಾಣಪತ್ರವಿದ್ದರೆ, ಸ್ಲೀಪರ್ ವರ್ಗದ ಬಾಡಿಗೆ ಪೂರ್ತಿ ಮಾಫಿ. ಜೊತೆಯವನಿಗೆ ಮುಕ್ಕಾಲು ಪಾಲು ರಿಯಾಯತಿ. ಘಟಪ್ರಭೆಯ ಸ್ಟೇಶನ್ನು ನಮಗೆ ಕೂಗಳತೆಯಲ್ಲಿದ್ದರೂ ಇದು ನಮ್ಮೂರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಆದರೆ ಮೋಟಾರಿನ ಖರ್ಚು, ಊಟದ ಖರ್ಚು, ತಪ್ಪಿದ ಕೂಲಿ ಇವು ಯಾವ ಯೋಜನೆಯ ಲೆಕ್ಕಕ್ಕೂ ಸುಲಭವಾಗಿ ಸಿಕ್ಕುವಂಥವಲ್ಲ.

ಅಲ್ಲಿ ಹಣದ ಮಾತು ಬಂತು. ಹಣ ಕೂಡಿಸುವದು ಕಷ್ಟವಲ್ಲ. ಕೊಡುವ ರೀತಿಯೇ ಕಷ್ಟ. ಒಬ್ಬ ತರುಣನು ದಾನಿಗಳ ಹೆಸರುಗಳನ್ನು ಗುಡಿಯ ಧ್ವನಿವರ್ಧಕದಲ್ಲಿ ಕೂಗಿಸೋಣವೆಂದನು. ಆ ಮನೆಯ ಗಂಡಸು ಇದನ್ನು ಕೇಳಿ, ಹೊಲವನ್ನು ಒತ್ತೆಯಿಡುತ್ತೇನೆಯೇ ಹೊರತು ಭಿಕ್ಷೆ ಬೇಡವೆಂದನು. ಆತನದು ನ್ಯಾಯವೇ. ಆಗ ಒಬ್ಬ ಅಜ್ಜನು ಹೇಳಿದ ಉಪಾಯವನ್ನು ನಾನು ಈಗಲೂ ಮೆಚ್ಚುತ್ತೇನೆ: "ಇದನ್ನ ಆಯೇರಿ ಅಂತ ಬರೀರಿ." ಮದುವೆಯಲ್ಲಿ ಬಂದ ಆಯೇರಿಯನ್ನು ವಹಿಯಲ್ಲಿ ಬರೆದಿಟ್ಟು ಅವರ ಮನೆಯ ಕಾರ್ಯಕ್ಕೆ ತಿರುಗಿ ಮಾಡುವದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಅದರಲ್ಲಿ ಸಾಲದ ಬಡ್ಡಿಯೂ ಇಲ್ಲ, ದಾನದ ಹಂಗೂ ಇಲ್ಲ. ವಹಿಯನ್ನು ಆ ಮನೆಯಲ್ಲಿಯೇ ಇಟ್ಟೆವು. ಯಾರು ಎಷ್ಟು ಕೊಟ್ಟರೆಂಬದು ಅವರಿಗೆ ಗೊತ್ತು, ಊರಿಗೆ ಗೊತ್ತಿಲ್ಲ.

ಆ ತಾಯಿಯ ಚಿಕಿತ್ಸೆ ಮುಗಿದು ಆಕೆಯು ಈಗ ತಪಾಸಣೆಗೆ ಮಾತ್ರ ಹೋಗಿ ಬರುತ್ತಾಳೆ. ಎರಡನೆಯ ಮನೆಯ ಕತೆ ಹಾಗಾಗಲಿಲ್ಲ. ಅಲ್ಲಿ ಐವತ್ತು ದಾಟಿದ ಗಂಡಸು, ಬಾಯಿಯ ಅರ್ಬುದ. ನಿಪ್ಪಾಣಿಯ ತಂಬಾಕು ನಮ್ಮ ಸೀಮೆಗೆ ಹೊಸದಲ್ಲ. ಬಂದವರಿಗೆ ಎಲೆ, ಅಡಿಕೆ, ತಂಬಾಕಿನ ಚಂಚಿ ಮುಂದೆ ಮಾಡುವದೇ ನಮ್ಮಲ್ಲಿ ಮರ್ಯಾದೆ. ಆತನ ಬೇನೆ ಗೊತ್ತಾದಾಗ ಕೊರಳಿಗೆ ಇಳಿದಿತ್ತು. ವೈದ್ಯರು ಮುಚ್ಚುಮರೆಯಿಲ್ಲದೆ, ಇನ್ನು ವಾಸಿಯಾಗುವದಿಲ್ಲ, ನೋವನ್ನು ಮಾತ್ರ ತಗ್ಗಿಸಬಹುದೆಂದರು.

"ಇನ್ನೇನೂ ಮಾಡುವದಿಲ್ಲವಂತೆ" ಎಂದು ಜನರು ಆಡಿಕೊಂಡರು. ಆ ಮಾತು ಸರಿಯಲ್ಲ. ನೋವನ್ನು ತಗ್ಗಿಸುವದೂ ವೈದ್ಯವೇ. ಬೆಂಗಳೂರಿನ ಕರುಣಾಶ್ರಯದಲ್ಲಿ ೧೯೯೯ರಿಂದ ಇಂಥ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿರುವರು. ಕೇರಳದಲ್ಲಿ ೧೯೯೩ರಲ್ಲಿ ಕೋಳಿಕ್ಕೋಡಿನ ವೈದ್ಯರು ಆರಂಭಿಸಿದ ಸಾಂತ್ವನ ಚಿಕಿತ್ಸೆಯ ಕೆಲಸವು ನೆರೆಹೊರೆಯವರ ಕೈಗೆ ಬಂದು, ೨೦೦೮ರಲ್ಲಿ ಆ ಸರಕಾರದ ನೀತಿಯೂ ಆಯಿತು. ನಮ್ಮ ಭಾಷೆಯನ್ನಾಡುವ ಕಾಸರಗೋಡಿನವರಿಗೂ ಅದರ ಪ್ರಯೋಜನವುಂಟು. ಅಲ್ಲಿ ದಾದಿಯು ರೋಗಿಯ ಮನೆಗೇ ಬರುವಳು. ತರಬೇತಿ ಪಡೆದ ಊರವರು ಅವಳ ಜೊತೆಗಿರುವರು. ಬಾಯಿಂದ ಕೊಡುವ ಮಾರ್ಫೀನ್ ಔಷಧವು ಅರ್ಬುದದ ತೀವ್ರ ನೋವಿಗೆ ಒಳ್ಳೆಯ ಪರಿಹಾರ. ಅಮಲಿನ ಪದಾರ್ಥವೆಂಬ ಕಾರಣದಿಂದ ೧೯೮೫ರ ಕಾನೂನು ಅದನ್ನು ಬಿಗಿಯಾಗಿ ಕಟ್ಟಿತ್ತು. ೨೦೧೪ರ ತಿದ್ದುಪಡಿಯು ಔಷಧದ ಉಪಯೋಗಕ್ಕಾಗಿ ಆ ಕಟ್ಟನ್ನು ಸಡಿಲಿಸಿತು. ಆದರೂ ಅಮಲಿನ ಭಯವು ಜನರಿಂದ ಹೋಗಿಲ್ಲ. ಹೊತ್ತಿಗೆ ಸರಿಯಾಗಿ, ವೈದ್ಯರು ಹೇಳಿದಷ್ಟೇ ಕೊಡಬೇಕು. ಅದಕ್ಕೆ ರಾತ್ರಿ ಎಚ್ಚರವಿರುವವನೊಬ್ಬನು ಬೇಕು. ಹೆಂಡತಿಯೊಬ್ಬಳೇ ಎಷ್ಟು ರಾತ್ರಿ ಎಚ್ಚರಿರಬಲ್ಲಳು?

ನಾಲ್ವತ್ತೊಂದು ರಾತ್ರಿ ಪಾಳಿ ನಡೆಯಿತು. ಕಾಲುವೆಯ ನೀರಿಗಾಗಿ ಒಬ್ಬರ ಮುಖವನ್ನೊಬ್ಬರು ನೋಡದಿದ್ದ ಇಬ್ಬರು ಒಂದೇ ರಾತ್ರಿಗೆ ಬಿದ್ದರು. ಪಾಳಿ ಬದಲಿಸಲು ಇಬ್ಬರೂ ಕೇಳಲಿಲ್ಲ, ಮಾತಂತೂ ಆಡಲಿಲ್ಲ. ಒಬ್ಬನು ಔಷಧ ಕೊಟ್ಟನು, ಇನ್ನೊಬ್ಬನು ಗಡಿಯಾರ ನೋಡಿದನು. ರೋಗಿಗೆ ಮಾತಾಡಲು ಆಗುತ್ತಿರಲಿಲ್ಲವಾದ್ದರಿಂದ ಮಗಳ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದನು. ಒಮ್ಮೆ ನನ್ನ ಪಾಳಿಯಲ್ಲಿ ಬರೆದದ್ದು: "ಅವಳು ಮಲಗ್ಯಾಳ?" ಮಲಗಿದ್ದಾಳೆಂದೆ. ಪಾಟಿಯನ್ನು ಒರಸಿ ಬದಿಗಿಟ್ಟು ಕಣ್ಣು ಮುಚ್ಚಿದನು.

ಆತನು ತೀರಿಕೊಂಡು ಎಂಟು ತಿಂಗಳಾಯಿತು. ಆತನ ಹೆಂಡತಿಯ ಹೆಸರು ಈಗ ವಹಿಯಲ್ಲಿ ಶನಿವಾರದ ರಾತ್ರಿಗೆ ಇದೆ; ಕೇಳದೆಯೇ ಬಂದು ಬರೆಯಿಸಿದಳು. ಮೊದಲನೆಯ ಮನೆಯ ಗಂಡಸು ಸೋಮವಾರವನ್ನು ಹಿಡಿದಿರುವನು. ಮೂರನೆಯ ಮನೆಯ ಪಾಳಿ ಆರಂಭವಾಗಿ ಹನ್ನೊಂದು ದಿನಗಳಾದವು. ಈ ಸಲ ರೋಗಿಯು ಒಂಬತ್ತು ವರ್ಷದ ಹುಡುಗ, ರಕ್ತದ ಅರ್ಬುದ. ಮಕ್ಕಳಲ್ಲಿ ಈ ಬೇನೆಯು ಹೆಚ್ಚಾಗಿ ಗುಣವಾಗುವದೆಂದು ವೈದ್ಯರು ಹೇಳಿರುವರು. ಔಷಧವು ಮಾತ್ರ ಎರಡು ವರ್ಷಕ್ಕೂ ಮೇಲ್ಪಟ್ಟು ನಡೆಯಬೇಕಂತೆ. ನಡುವೆ ಜ್ವರ ಬಂದರೆ ಬೆಳಗಾಗುವ ದಾರಿಯನ್ನು ನೋಡದೆ ದವಾಖಾನೆಗೆ ಒಯ್ಯಬೇಕು. ಅದಕ್ಕಾಗಿ ಪ್ರತಿ ರಾತ್ರಿಗೆ ಗಾಡಿಯಿದ್ದ ಒಬ್ಬನ ಹೆಸರನ್ನು ಬರೆಯುತ್ತಿದ್ದೇವೆ. ಆರು ರಾತ್ರಿಗಳಿಗೆ ಸಿಕ್ಕಿದ್ದಾರೆ. ಬುಧವಾರದ್ದು ಇನ್ನೂ ಖಾಲಿ ಇದೆ. ಇಂದು ಸಂಜೆ ಸ್ಟೇಶನ್ನಿನ ಹತ್ತಿರದ ಟಂಟಂ ನಡೆಯಿಸುವ ಹುಡುಗರನ್ನು ಕೇಳಬೇಕೆಂದಿದ್ದೇನೆ. ಅವರಲ್ಲಿ ಇಬ್ಬರು ನನ್ನ ಶಿಷ್ಯರೇ.