ಸುತ್ತು ಕೂಡಿಕೊಳ್ಳುವ ಮುಂಚೆ

ಡಬ್ಲಿನ್‌ಗೆ ಬಂದ ಎರಡನೇ ಚಳಿಗಾಲ. ಸೊಂಟದ ಎಡಗಡೆ ಕೆಂಡ ಇಟ್ಟ ಹಾಗೆ ಉರಿ, ಎರಡೇ ದಿನಕ್ಕೆ ಸಾಲಾಗಿ ಗುಳ್ಳೆ. ಡಾಕ್ಟರ್ ನೋಡಿ 'ಶಿಂಗಲ್ಸ್' ಅಂದರು, ಆಂಟಿವೈರಲ್ ಮಾತ್ರೆ ಬರೆದುಕೊಟ್ಟರು. ನಮ್ಮೂರಲ್ಲಿ ಇದಕ್ಕೆ ಸರ್ಪಸುತ್ತು ಅಂತಾರೆ.

ಮನೆ ಓನರಮ್ಮನಿಗೆ ಎಪ್ಪತ್ತು ದಾಟಿದೆ, ಮೇಯೋ ಕಡೆಯ ಹಳ್ಳಿಯವರು. ವಿಷಯ ಗೊತ್ತಾಗಿದ್ದೇ ತಡ, "ಎರಡು ತುದಿ ಕೂಡಿಕೊಂಡಿಲ್ಲ ತಾನೆ? ಸುತ್ತು ಕೂಡಿದರೆ ಉಳಿಯಲ್ಲ ಅಂತ ನಮ್ಮಮ್ಮ ಹೇಳೋರು" ಅಂದರು. ನನಗೆ ಮೈ ಜುಂ ಅಂತು. ಹಾವಿನ ತಲೆ ಬಾಲ ಕೂಡಬಾರದು ಅಂತ ನಮ್ಮಜ್ಜಿ ಹೇಳ್ತಿದ್ದದ್ದೂ ಇದನ್ನೇ ಅಲ್ವಾ!

ಅವತ್ತು ಟೀ ಆರಿಹೋಗುವವರೆಗೂ ಅವರು ಮಾತಾಡಿದರು. ಅಲ್ಲಿ ಕೆಲವು ಮನೆತನಗಳಿಗೆ ಒಂದೊಂದು ಕಾಯಿಲೆಯ ಮದ್ದು ಇರುತ್ತಂತೆ. ಏಳನೇ ಮಗನಿಗೆ ಏಳನೇ ಮಗನಾಗಿ ಹುಟ್ಟಿದವನ ಕೈಗುಣ ಇನ್ನೂ ದೊಡ್ಡದು. ಮದ್ದಿಗೆ ದುಡ್ಡು ಕೊಡಬಾರದು, ಥ್ಯಾಂಕ್ಸ್ ಕೂಡ ಹೇಳಬಾರದು. ನಾಯಿಕೆಮ್ಮು ಬಂದರೆ ಬಿಳಿ ಕುದುರೆ ಮೇಲೆ ಹೋಗುವವನನ್ನು ನಿಲ್ಲಿಸಿ ಕೇಳಬೇಕು, ಅವನು ಏನು ಹೇಳಿದರೂ ಅದೇ ಮದ್ದು! ಇದೆಲ್ಲ ಚಳಿಗಾಲದ ರಾತ್ರಿ ಒಲೆ ಸುತ್ತ ಕೂತು ಕೇಳಿದ್ದಂತೆ. ಮೊದಲ ಕಥೆ ಮನೆ ಯಜಮಾನನದು, ಆಮೇಲೆ ಬೆಳಗಾಗುವವರೆಗೆ ಬಂದ ನೆಂಟನದು.

"ನಮ್ಮಕ್ಕ ಸ್ಕೂಲಲ್ಲಿ ಇದನ್ನೆಲ್ಲ ಬರೆದಿದ್ದಳು" ಅಂದರು. ಹುಡುಕಿ ನೋಡಿದೆ, ನಿಜ. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗ ಸುಮಾರು 5,000 ಶಾಲೆಗಳ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತ್ತು. ವಾರದ ಪ್ರಬಂಧದ ಬದಲು, ಮನೆಯ ಹಿರಿಯರನ್ನು ಕೇಳಿ ಕಥೆ, ಮದ್ದು, ನಂಬಿಕೆ ಬರೆದು ತನ್ನಿ ಅಂತ. ಆ ಮಕ್ಕಳ ಕೈಬರಹ ಈಗ ಆನ್‌ಲೈನಲ್ಲೇ ಇದೆ. ಕೆಳಗೆ ಹೇಳಿದವರ ಹೆಸರು, ಊರು, ಎಷ್ಟೋ ಕಡೆ ವಯಸ್ಸು ಕೂಡ.

ಹನ್ನೊಂದು ಹನ್ನೆರಡು ವಯಸ್ಸಿನ ಮಕ್ಕಳು ಮಸಿ ಪೆನ್ನಲ್ಲಿ ಮಾಡಿದ್ದನ್ನು, ಜೇಬಲ್ಲಿ ರೆಕಾರ್ಡರ್ ಇಟ್ಕೊಂಡು ಓಡಾಡುವ ಬಿಇ ಪದವೀಧರ ಮಾಡಲಿಲ್ಲ. ದಿನಾ ಕೋಡ್ ಬ್ಯಾಕಪ್ ತಗೋತೀನಿ. ಅಜ್ಜಿ ಹೋಗಿ ನಾಲ್ಕು ವರ್ಷ.

ನನಗೆ ವಾಸಿಯಾಗಿದ್ದು ಮಾತ್ರೆಯಿಂದಲೇ, ಅದರಲ್ಲಿ ಅನುಮಾನ ಇಲ್ಲ. ಆದರೂ ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಅಜ್ಜಿ ಕೆಮ್ಮಣ್ಣಲ್ಲಿ ಹಾವು ಬರೀವಾಗ ಏನೋ ಗೊಣಗ್ತಿದ್ರಲ್ಲ, ಏನದು?"

"ನಂಗೇನೋ ಗೊತ್ತು? ಮಣ್ಣು ಕಲಸಿಕೊಡ್ತಾ ಪಕ್ಕದಲ್ಲಿ ಕೂತಿರ್ತಿದ್ದೋನು ನೀನು."

ಫೋನಿಟ್ಟು ನೋಟ್‌ಬುಕ್ ತೆಗೆದೆ. ಮೇಲೆ ಅಜ್ಜಿಯ ಹೆಸರು, ಊರು ಬರೆದೆ. ವಯಸ್ಸು ಎಷ್ಟು ಅಂತ ಮತ್ತೆ ಅಮ್ಮನಿಗೇ ಫೋನ್ ಮಾಡಬೇಕಾಯ್ತು.