ಹಗ್ಗವೂ ಸಾಕ್ಷಿಯೂ

ನಮ್ಮ ಕಡೆ ಗಲ್ಲು ಶಿಕ್ಷೆಯ ಮಾತು ಎಲ್ಲಿ ಶುರುವಾದರೂ ಕೊನೆಗೆ ಇಲಕ್ಕಿಯಂಪಟ್ಟಿಗೆ ಬಂದು ನಿಲ್ಲುತ್ತದೆ. 2020ರ ಮಾರ್ಚಿ 20ರ ಬೆಳಗಿನ ಜಾವ ದಿಲ್ಲಿಯ ತಿಹಾರ್ ಜೈಲಿನಲ್ಲಿ ನಾಲ್ವರನ್ನು ನೇಣು ಹಾಕಿದ ಸುದ್ದಿ ಬಂದಾಗಲೂ ಹಾಗೇ ಆಯಿತು. "ಅಲ್ಲಿ ಹಾಕಿದ್ರು, ನಮ್ಮ ಧರ್ಮಪುರಿ ಕೇಸಲ್ಲಿ ಬಿಟ್ಟು ಕಳ್ಸಿದ್ರು" ಅಂತ ಟೀ ಅಂಗಡಿಯಲ್ಲಿ ಕೂತವರು ಅಂದರು. ಮೊರಪ್ಪೂರಿನಲ್ಲಿ ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ ಅದು. ಆ ದಾರಿಯಲ್ಲಿ ಓಡಾಡುವ ನಮಗೆ ಈ ವಾದ ಪುಸ್ತಕದ ವಾದವಲ್ಲ.

ಈಗಿನ ಹೈಸ್ಕೂಲು ಮಕ್ಕಳು ಆಗ ಹುಟ್ಟಿರಲಿಲ್ಲ. ಅವರಿಗಾಗಿ ಮೊದಲಿಂದ ಹೇಳುತ್ತೇನೆ. 2000ದ ಫೆಬ್ರವರಿ 2ರಂದು ಚೆನ್ನೈನ ವಿಶೇಷ ಕೋರ್ಟು ಜಯಲಲಿತಾ ಅವರಿಗೆ ಕೊಡೈಕೆನಾಲಿನ ಪ್ಲೆಸೆಂಟ್ ಸ್ಟೇ ಹೋಟೆಲ್ ಕೇಸಿನಲ್ಲಿ ಒಂದು ವರ್ಷದ ಸಜೆ ಕೊಟ್ಟಿತು. ತೀರ್ಪು ಬಂದದ್ದೇ ತಡ, ಅವರ ಪಕ್ಷದವರು ಊರೂರಲ್ಲಿ ರಸ್ತೆಗಿಳಿದರು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಓದಿನ ಪ್ರವಾಸಕ್ಕೆ ಬಂದಿದ್ದರು. ಅವರ ಬಸ್ಸು ಇಲಕ್ಕಿಯಂಪಟ್ಟಿಯ ರಸ್ತೆ ತಡೆಯಲ್ಲಿ ಸಿಕ್ಕಿ ನಿಂತಿತು. ಒಳಗೆ 40ಕ್ಕೂ ಹೆಚ್ಚು ಜನ. ಪೆಟ್ರೋಲು ಸುರಿದು ಬೆಂಕಿ ಇಟ್ಟರು. ಇನ್ನೊಂದು ಬಸ್ಸಿನಲ್ಲಿದ್ದ ಅದೇ ಕಾಲೇಜಿನ ಹುಡುಗರು ಓಡಿಬಂದು ಕಿಟಕಿ ಒಡೆದು ಕೈಗೆ ಸಿಕ್ಕವರನ್ನು ಎಳೆದುಕೊಂಡರು. ಮೂವರು ಹುಡುಗಿಯರು ಒಳಗೇ ಸುಟ್ಟುಹೋದರು. ಬೇಸಾಯ ಓದಿ ರೈತರಿಗೆ ಬುದ್ಧಿ ಹೇಳಬೇಕಾಗಿದ್ದ ಮಕ್ಕಳು.

ಇದರಲ್ಲಿ ಇನ್ನೊಂದು ಸಂಗತಿ ಇದೆ, ಬಹಳ ಜನ ಮರೆತಿದ್ದಾರೆ. ಯಾವ ತೀರ್ಪಿನ ಸಿಟ್ಟಿಗೆ ಆ ಬಸ್ಸಿಗೆ ಬೆಂಕಿ ಬಿತ್ತೋ, ಆ ತೀರ್ಪನ್ನು 2001ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟು ರದ್ದು ಮಾಡಿತು. ಕಾಗದ ಹಾಕಿದರು, ವಕೀಲರು ವಾದ ಮಾಡಿದರು, ಶಿಕ್ಷೆ ಹೋಯಿತು. ಕೋರ್ಟಿನ ತೀರ್ಪಿಗೆ ಮೇಲೊಂದು ಬಾಗಿಲು ಇತ್ತು. ಸುಟ್ಟುಹೋದ ಮೂರು ಜೀವಕ್ಕೆ ಅಂಥ ಬಾಗಿಲು ಯಾವುದೂ ಇರಲಿಲ್ಲ.

ಆಮೇಲೆ ಕೇಸು ನಡೆದ ರೀತಿ ನೋಡಿ. ಮೊದಲ ವಿಚಾರಣೆ ಕೃಷ್ಣಗಿರಿಯಲ್ಲಿ. ಸಾಕ್ಷಿಗಳು ಒಬ್ಬರ ಮೇಲೊಬ್ಬರು ತಿರುಗಿ ಬಿದ್ದರು. ಹಗಲು ಹೊತ್ತಿನಲ್ಲಿ, ದೊಡ್ಡ ರಸ್ತೆಯಲ್ಲಿ, ನೂರಾರು ಜನರ ಕಣ್ಣೆದುರು ನಡೆದದ್ದನ್ನು ಕಂಡವರು ಸಿಗದೆ ಹೋದರು! ಸತ್ತ ಹುಡುಗಿಯರಲ್ಲಿ ಒಬ್ಬಳ ತಂದೆ ಹೈಕೋರ್ಟಿಗೆ ಹೋಗಿ, ವಿಚಾರಣೆ ಮತ್ತೆ ಮೊದಲಿಂದ ಸೇಲಂನಲ್ಲಿ ನಡೆಯುವಂತಾಯಿತು. 2007ರ ಫೆಬ್ರವರಿಯಲ್ಲಿ ಸೇಲಂ ಕೋರ್ಟು ಮೂವರಿಗೆ ಗಲ್ಲು ಶಿಕ್ಷೆ, ಬೇರೆ 25 ಮಂದಿಗೆ ಜೈಲು ಅಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಗಲ್ಲನ್ನು ಒಪ್ಪಿತು. 2010ರ ಆಗಸ್ಟ್ 30ರಂದು ಸುಪ್ರೀಂ ಕೋರ್ಟೂ ಒಪ್ಪಿತು. 2016ರ ಮಾರ್ಚಿಯಲ್ಲಿ ಅದೇ ಸುಪ್ರೀಂ ಕೋರ್ಟು ಮರುಪರಿಶೀಲನೆ ಮಾಡಿ ಗಲ್ಲನ್ನು ಜೀವಾವಧಿಗೆ ಇಳಿಸಿತು. 2018ರ ನವೆಂಬರಿನಲ್ಲಿ ಎಂ.ಜಿ.ಆರ್. ನೂರನೇ ವರ್ಷದ ನೆನಪಿಗೆ ಕೈದಿಗಳನ್ನು ಬಿಡುವ ಸರ್ಕಾರದ ಆದೇಶದ ಕೆಳಗೆ ಮೂವರೂ ವೇಲೂರು ಜೈಲಿನಿಂದ ಮನೆಗೆ ಬಂದರು.

ಗಲ್ಲು ಬೇಕು ಅನ್ನುವವರ ಮಾತನ್ನು ಹಗುರ ಮಾಡಬಾರದು. ನಮ್ಮ ವಾಚನಾಲಯದಲ್ಲಿ ಈ ವಿಷಯ ಬಂದಾಗ ಒಬ್ಬರು ಹಿರಿಯ ಗೌಡ್ರು ಕೇಳಿದರು: "ಮೇಷ್ಟ್ರೇ, ರಾಗಿ ಹೊಲದಲ್ಲಿ ಕಳೆ ಬಂದ್ರೆ ಏನು ಮಾಡ್ತೀರಿ? ಬುದ್ಧಿ ಹೇಳ್ತೀರಾ? ಕೀಳ್ತೀರಾ?" ಎಲ್ಲರೂ ನಕ್ಕರು, ಆದರೆ ಪ್ರಶ್ನೆ ನಗುವಂಥದ್ದಲ್ಲ. ಒಂದು ಜೀವ ತೆಗೆದವನ ಜೀವಕ್ಕೆ ಏನೂ ಆಗದಿದ್ದರೆ ಸತ್ತವರ ಜೀವಕ್ಕೆ ಬೆಲೆ ಏನು? ಮಗಳನ್ನು ಕಳೆದುಕೊಂಡ ತಾಯಿಗೆ ನಾಡು ಏನು ಹೇಳಬೇಕು? ತಿರುವಾರೂರಿನ ಮನುನೀತಿ ಚೋಳನ ಕತೆ ನಮ್ಮ ಮಕ್ಕಳೆಲ್ಲರಿಗೂ ಗೊತ್ತು. ಕರುವನ್ನು ಕಳೆದುಕೊಂಡ ಹಸು ಬಂದು ಗಂಟೆ ಎಳೆಯಿತು ಅಂತ ತನ್ನ ಮಗನನ್ನೇ ರಥದ ಗಾಲಿಗೆ ಕೊಟ್ಟ ರಾಜ. ಹಸುವಿಗೆ ಸಿಕ್ಕ ನ್ಯಾಯ ಮನುಷ್ಯರಿಗೆ ಬೇಡವೇ ಅನ್ನುವುದು ನೇರವಾದ ಮಾತು.

ಆದರೆ ಇದೇ ತಮಿಳು ನಾಡಿನಲ್ಲಿ ಇನ್ನೊಬ್ಬ ರಾಜನ ಕತೆಯೂ ಇದೆ. ಮಧುರೆಯ ಪಾಂಡ್ಯ. ರಾಣಿಯ ಕಾಲ್ಗಡಗ ಕದ್ದವನು ಕೋವಲನ್ ಅಂತ ಅಕ್ಕಸಾಲಿಗ ಹೇಳಿದ. ರಾಜ ವಿಚಾರಿಸದೆ ಕೊಲ್ಲಿಸಿದ. ಕಣ್ಣಗಿ ಬಂದು ತನ್ನ ಗೆಜ್ಜೆ ಒಡೆದು ತೋರಿಸಿದಾಗ ಸತ್ಯ ಗೊತ್ತಾಯಿತು. ಗೊತ್ತಾಗಿ ಏನು ಪ್ರಯೋಜನ? ಕೋವಲನ್ ಎದ್ದು ಬರಲಿಲ್ಲ. ಗೌಡ್ರಿಗೆ ನಾನು ಹೇಳಿದ್ದೂ ಅದನ್ನೇ. ಕಳೆ ಕೀಳುವ ಕೈ ಅವಸರ ಮಾಡಿದರೆ ರಾಗಿ ಪೈರೂ ಕೈಗೆ ಬರುತ್ತದೆ. ಕಿತ್ತ ಪೈರನ್ನು ಮತ್ತೆ ನೆಟ್ಟರೆ ಚಿಗುರೀತು. ಮನುಷ್ಯನ ಕತ್ತು ಹಾಗಲ್ಲ.

"ಈ ಕೇಸಲ್ಲಿ ತಪ್ಪು ಮನುಷ್ಯರನ್ನ ಹಿಡಿದಿದ್ದಾರೆ ಅಂತೀರಾ?" ಅಂತ ಒಬ್ಬ ಹುಡುಗ ಕೇಳಿದ. ಇಲ್ಲ, ಹಾಗೆ ಹೇಳುತ್ತಿಲ್ಲ. ಕೋರ್ಟುಗಳೆಲ್ಲ ಅವರೇ ಮಾಡಿದ್ದು ಅಂತ ಒಪ್ಪಿವೆ, 2016ರಲ್ಲೂ ಅಪರಾಧ ಹೋಗಲಿಲ್ಲ. ನಾನು ಹೇಳುವುದು ಬೇರೆ. ಆ ಮೂವರ ಜೀವ ಉಳಿಯಲು ಮುಖ್ಯ ಕಾರಣಗಳಲ್ಲಿ ಒಂದು, ನಡುವೆ ಬದಲಾದ ಒಂದು ಪದ್ಧತಿ. ಮೊದಲು ಮರುಪರಿಶೀಲನೆ ಅರ್ಜಿಗಳನ್ನು ಜಡ್ಜುಗಳು ತಮ್ಮ ಕೋಣೆಯೊಳಗೇ ಕಾಗದ ನೋಡಿ ತೀರ್ಮಾನಿಸುತ್ತಿದ್ದರು. 2014ರಲ್ಲಿ ಸುಪ್ರೀಂ ಕೋರ್ಟು, ಗಲ್ಲಿನ ಕೇಸಿನಲ್ಲಾದರೂ ತೆರೆದ ಕೋರ್ಟಿನಲ್ಲಿ ವಾದ ಕೇಳಬೇಕು ಅಂದಿತು. ಆಮೇಲೆ ವಾದ ಕೇಳಿದ ಜಡ್ಜುಗಳಿಗೆ, ಇವರು ಆ ಹುಡುಗಿಯರನ್ನು ಗುರಿ ಇಟ್ಟು ಬಂದವರಲ್ಲ, ಗುಂಪಿನ ಹುಚ್ಚಿನಲ್ಲಿ ಬುದ್ಧಿ ಕೆಟ್ಟು ಮಾಡಿದ್ದು ಅಂತ ಕಂಡಿತು. 2010ರ ಜಡ್ಜುಗಳಿಗೆ ಅದೇ ಕೆಲಸ ಗಲ್ಲಿಗೆ ತಕ್ಕ ಕ್ರೌರ್ಯವಾಗಿ ಕಂಡಿತ್ತು. ಇಬ್ಬರೂ ಓದಿದ್ದು ಒಂದೇ ಕೇಸು. ಯಾವುದು ಸರಿ ಅಂತ ನಾವು ವಾದ ಮಾಡಬಹುದು. ನಡುವೆ ಹಗ್ಗ ಬಿದ್ದಿದ್ದರೆ ಆ ವಾದವೇ ಉಳಿಯುತ್ತಿರಲಿಲ್ಲ.

ನಮ್ಮ ಗಡಿಯಲ್ಲೇ ಇಂಥದ್ದು ಇನ್ನೊಂದಿದೆ. 1993ರ ಏಪ್ರಿಲ್ 9ರಂದು ಮೇಟೂರಿನ ಆಚೆ ಪಾಲಾರ್ ಹತ್ತಿರ ವೀರಪ್ಪನ್ ಗುಂಪು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ನಾಲ್ವರಿಗೆ ಜೀವಾವಧಿ ಕೊಟ್ಟಿತು. ಅವರು ಶಿಕ್ಷೆ ಕಡಿಮೆಯಾದೀತು ಅಂತ ಸುಪ್ರೀಂ ಕೋರ್ಟಿಗೆ ಹೋದರೆ, 2004ರಲ್ಲಿ ಅದು ತಾನೇ ಗಲ್ಲಿಗೆ ಏರಿಸಿತು. ರಾಷ್ಟ್ರಪತಿಗಳ ಹತ್ತಿರ ಕರುಣೆ ಅರ್ಜಿ ಒಂಬತ್ತು ವರ್ಷ ಕೂತಿತು. 2013ರಲ್ಲಿ ತಿರಸ್ಕಾರವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಹಗ್ಗದ ದಾರಿ ನೋಡುತ್ತಿದ್ದಾಗ, 2014ರ ಜನವರಿಯಲ್ಲಿ ಕೋರ್ಟು ಇಷ್ಟು ವರ್ಷ ಸಾವನ್ನು ತಲೆ ಮೇಲೆ ತೂಗಿಸಿದ್ದೇ ಅನ್ಯಾಯ ಅಂತ ಮತ್ತೆ ಜೀವಾವಧಿಗೆ ಇಳಿಸಿತು. ಜೀವಾವಧಿ, ಗಲ್ಲು, ಮತ್ತೆ ಜೀವಾವಧಿ. ಇದನ್ನು ತಕ್ಕಡಿ ಅನ್ನಬೇಕೆಂದರೆ ಮುಳ್ಳು ಒಂದು ಕಡೆ ನಿಲ್ಲಬೇಕಲ್ಲವೇ?

ಕಾನೂನೇ ಈ ವಿಷಯದಲ್ಲಿ ಹಿಂದೆ ಮುಂದೆ ನೋಡುತ್ತಾ ಬಂದಿದೆ. ಬ್ರಿಟಿಷರ ಕಾಲದಲ್ಲಿ ಕೊಲೆ ಕೇಸಿನಲ್ಲಿ ಗಲ್ಲು ಕೊಡದಿದ್ದರೆ ಜಡ್ಜು ಯಾಕೆ ಕೊಡಲಿಲ್ಲ ಅಂತ ಬರೆಯಬೇಕಿತ್ತು. 1955ರಲ್ಲಿ ಆ ನಿಯಮ ಹೋಯಿತು. 1973ರ ಕಾನೂನಿನಲ್ಲಿ ಅದು ತಿರುಗಿತು, ಗಲ್ಲು ಕೊಟ್ಟರೆ ಯಾಕೆ ಕೊಟ್ಟೆ ಅಂತ ಬರೆಯಬೇಕು. 1980ರಲ್ಲಿ ಬಚನ್ ಸಿಂಗ್ ಕೇಸಿನಲ್ಲಿ ಐವರು ಜಡ್ಜುಗಳಲ್ಲಿ ನಾಲ್ವರು, ಅಪರೂಪದಲ್ಲಿ ಅಪರೂಪವಾದ ಕೇಸಿಗೆ ಮಾತ್ರ ಗಲ್ಲು ಅಂದರು. ಐದನೆಯವರು, ಪಿ.ಎನ್. ಭಗವತಿ, ಗಲ್ಲೇ ಸಂವಿಧಾನಕ್ಕೆ ಹೊಂದದು ಅಂದರು. 2015ರಲ್ಲಿ ಕಾನೂನು ಆಯೋಗ ಭಯೋತ್ಪಾದನೆ, ದೇಶದ ಮೇಲಿನ ಯುದ್ಧ ಬಿಟ್ಟು ಉಳಿದ ಅಪರಾಧಗಳಿಗೆ ಗಲ್ಲು ತೆಗೆಯಿರಿ ಅಂತ ಸರ್ಕಾರಕ್ಕೆ ಬರೆದುಕೊಟ್ಟಿತು.

ಇನ್ನು ಭಯದ ಮಾತು. "ನಾಲ್ಕು ಜನರನ್ನ ತೂಕ್ಕು ಹಾಕಿದ್ರೆ ಐದನೆಯವನಿಗೆ ಭಯ ಬರುತ್ತೆ" ಅಂತಾರೆ. ತಮಿಳುನಾಡಿನ ಕೊನೆಯ ಗಲ್ಲು ನಡೆದದ್ದು ಎಲ್ಲೋ ದೂರದಲ್ಲಲ್ಲ, ನಮ್ಮ ಸೇಲಂ ಜೈಲಿನಲ್ಲಿ. 1995ರ ಏಪ್ರಿಲಿನಲ್ಲಿ ಆಟೋ ಶಂಕರನನ್ನು ಅಲ್ಲಿ ನೇಣು ಹಾಕಿದರು. ಪೇಪರು ಓದುವವರು, ಓದದವರು, ಎಲ್ಲರಿಗೂ ಆ ಸುದ್ದಿ ಗೊತ್ತಿತ್ತು. ಐದು ವರ್ಷ ಕಳೆಯುವುದರೊಳಗೆ, ಆ ಜೈಲಿನ ಪಕ್ಕದ ಜಿಲ್ಲೆಯಲ್ಲೇ ಬಸ್ಸಿಗೆ ಪೆಟ್ರೋಲು ಸುರಿದರು. ಸೇಲಂನ ಹಗ್ಗದ ಭಯ ಧರ್ಮಪುರಿವರೆಗೂ ಬರಲಿಲ್ಲ. ಇದೊಂದರಿಂದ ಎಲ್ಲ ಸಾಬೀತಾಯಿತು ಅಂತ ಹೇಳಲಾರೆ. ಹಗ್ಗಕ್ಕೆ ಹೆದರಿ ಕೈ ಹಿಂದೆ ತೆಗೆದವರು ಯಾರಾದರೂ ಇದ್ದರೆ ಅವರನ್ನು ಎಣಿಸುವುದು ಹೇಗೆ? ಆದರೆ ಗುಂಪಿನೊಳಗೆ ನಿಂತವನ ಮನಸ್ಸು ನಮಗೆ ಗೊತ್ತು. "ಇಷ್ಟು ಜನದಲ್ಲಿ ನನ್ನ ಹೆಸರು ಯಾರು ಹೇಳ್ತಾರೆ" ಅನ್ನುವ ಧೈರ್ಯ ಅವನದು. ಕೃಷ್ಣಗಿರಿಯ ಮೊದಲ ವಿಚಾರಣೆಯಲ್ಲಿ ಆ ಧೈರ್ಯವೇ ಗೆಲ್ಲುವ ಹಾಗಿತ್ತು. ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಶಿಕ್ಷೆ ಆಗಿಯೇ ತೀರುತ್ತದೆ ಅನ್ನುವುದು ಅಂಥವನನ್ನು ಹೆದರಿಸುತ್ತದೆ.

ಹಾಗಾದರೆ 2018ರ ಬಿಡುಗಡೆ ಸರಿಯೋ? ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಗಲ್ಲು ಬೇಡ ಅನ್ನುವವರು ಇಲ್ಲಿ ಮೆತ್ತಗೆ ಜಾರಿಕೊಳ್ಳಬಾರದು. ಜೀವಾವಧಿ ಅಂದರೆ 14 ವರ್ಷ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಾನೂನಿನಲ್ಲಿ ಜೀವಾವಧಿ ಅಂದರೆ ಜೀವ ಇರುವವರೆಗೆ. ಇಂಥ ಕೊಲೆಗಳಲ್ಲಿ 14 ವರ್ಷ ಆಗುವ ಮುಂಚೆ ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬಿಡುವ ಹಾಗಿಲ್ಲ ಅಂತ ಮಾತ್ರ ಇದೆ. ಅದಾದ ಮೇಲೆ ಬಿಡುವ ಅಧಿಕಾರ ಸರ್ಕಾರದ್ದು, ಕೈದಿಯ ಹಕ್ಕಲ್ಲ. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತಿಟ್ಟ ಸ್ವಾಮಿ ಶ್ರದ್ಧಾನಂದನ ಕೇಸಿನಲ್ಲಿ, 2008ರಲ್ಲಿ ಸುಪ್ರೀಂ ಕೋರ್ಟು ಒಂದು ನಡುದಾರಿ ತೋರಿಸಿತು. ಗಲ್ಲು ಬೇಡ, ಆದರೆ ಯಾವ ರಿಯಾಯಿತಿಯೂ ಇಲ್ಲದೆ ಸಾಯುವವರೆಗೂ ಒಳಗೇ ಇರಬೇಕು. 2015ರಲ್ಲಿ ಐವರು ಜಡ್ಜುಗಳ ಪೀಠವೂ ಆ ದಾರಿಯನ್ನು ಒಪ್ಪಿತು. ಆದ್ದರಿಂದ ನಮ್ಮ ಮುಂದೆ ಇರುವುದು ಹಗ್ಗ ಅಥವಾ ಬಿಡುಗಡೆ ಅನ್ನುವ ಎರಡೇ ದಾರಿಯಲ್ಲ.

ಸಾಯುವವರೆಗೂ ಒಳಗೆ ಅನ್ನುವುದೂ ಕ್ರೂರವಲ್ಲವೇ ಅಂತ ಕೇಳಬಹುದು. ಕ್ರೂರವೇ. ಎಲ್ಲರಿಗೂ ಅದನ್ನು ಹೊರಿಸಬೇಕು ಅಂತಲೂ ಅಲ್ಲ. ಮನುಷ್ಯ ಬದಲಾಗುತ್ತಾನೆ, ಬದಲಾದವನನ್ನು ನೋಡಿ, ವಿಚಾರಿಸಿ ಬಿಡುವುದು ತಪ್ಪಲ್ಲ. ಆದರೆ ಅವನ ನಡತೆ ನೋಡಿ ಬಿಡಬೇಕು. ಸತ್ತವರ ಮನೆಯವರನ್ನು ಕರೆದು ಒಂದು ಮಾತು ಕೇಳಬೇಕು. ಒಬ್ಬ ನಾಯಕರ ಹುಟ್ಟುಹಬ್ಬದ ಲೆಕ್ಕದಲ್ಲಿ ಬಾಗಿಲು ತೆಗೆದರೆ, ಅದೂ ಪಕ್ಷದ ಹೆಸರಲ್ಲಿ ಹಚ್ಚಿದ ಬೆಂಕಿಗೆ ಅದೇ ಪಕ್ಷದ ಸರ್ಕಾರ ಬಾಗಿಲು ತೆಗೆದರೆ, ಹೆತ್ತವರು ಏನೆಂದುಕೊಳ್ಳಬೇಕು? ಇಂಥ ಬಿಡುಗಡೆ ಕಂಡ ಜನವೇ "ಅದಕ್ಕೇ ತೂಕ್ಕು ಹಾಕಬೇಕು" ಅನ್ನುತ್ತಾರೆ. ಅವರಿಗೆ ರಕ್ತದ ಆಸೆ ಅಂತ ನಾನು ನಂಬುವುದಿಲ್ಲ. ಶಿಕ್ಷೆ ನಿಲ್ಲುತ್ತದೆ ಅನ್ನುವ ನಂಬಿಕೆ ಅವರಿಗೆ ಹೋಗಿದೆ.

ಆ ನಂಬಿಕೆ ಉಳಿಸುವುದರಲ್ಲಿ ನಮ್ಮ ಪಾಲೂ ಇದೆ. 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಬಸ್ಸು ಉರಿಯುವಾಗ ಅಲ್ಲಿದ್ದ ಜನರೂ ಪೊಲೀಸರೂ ಯಾಕೆ ಸುಮ್ಮನೆ ನಿಂತರು ಅಂತ ನೊಂದು ಕೇಳಿದೆ. ಗಲ್ಲು ಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಅಧಿಕಾರ ಮೊರಪ್ಪೂರಿನ ನಮಗಿಲ್ಲ, ಅದು ದಿಲ್ಲಿಯ ಕೆಲಸ. ಆದರೆ ಒಂದು ಹೊಡೆದಾಟವೋ ಕೊಲೆಯೋ ಕಂಡವನಿಗೆ ಕೋರ್ಟಿನಿಂದ ಕಾಗದ ಬಂದಾಗ ನಾವು ಹೇಳುವುದು ಏನು? "ಯಾಕಪ್ಪಾ ನಿಂಗೆ ಊರ ಉಸಾಬರಿ? ನೋಡ್ಲಿಲ್ಲ ಅಂದ್ಬಿಡು." ಮನೆಯಲ್ಲಿ ಹಿರಿಯರೇ ಹೀಗೆ ಹೇಳಿಕೊಡುತ್ತೇವೆ. ಸಾಕ್ಷಿ ಹೇಳಿದವನ ಜೊತೆ ಬಸ್ಸಿನಲ್ಲಿ ಕೋರ್ಟಿಗೆ ಹೋಗಿ ಬರಲು ಊರಿನ ಇಬ್ಬರು ಸಿಗುವುದಿಲ್ಲ. ಗಲ್ಲಿನ ಬಗ್ಗೆ ಶಾಲೆಯಲ್ಲಿ ಚರ್ಚಾ ಸ್ಪರ್ಧೆ ಇಡುವ ಮೇಷ್ಟ್ರುಗಳು, ಪರ ವಿರೋಧ ಎರಡೂ ಮುಗಿದ ಮೇಲೆ ಮಕ್ಕಳಿಗೆ ಕೃಷ್ಣಗಿರಿಯಲ್ಲಿ ತಿರುಗಿ ಬಿದ್ದ ಸಾಕ್ಷಿಗಳ ವಿಷಯವನ್ನೂ, ಉರಿಯುವ ಬಸ್ಸಿನ ಕಿಟಕಿ ಒಡೆದ ಹುಡುಗರ ವಿಷಯವನ್ನೂ ಹೇಳಬೇಕು ಅಂತ ಕೇಳಿಕೊಳ್ಳುತ್ತೇನೆ.