ಹೆಬ್ಬೆರಳೋ, ಮಣಿಕಟ್ಟೋ

ಶನಿವಾರ ರಾತ್ರಿ ಎಂಟು ಗಂಟೆ. ವಿಜಯನಗರದ ಗೇಮಿಂಗ್ ಕೆಫೆಯೊಂದರ ಮೆಟ್ಟಿಲು ಹತ್ತಿ ಬಂದಿದ್ದೀರಿ. ಕಿಟಕಿಗಳಿಗೆಲ್ಲ ಕಪ್ಪು ಪರದೆ, ಎಸಿಯ ಚಳಿ, ಸಾಲಾಗಿ ಕೂತವರ ಮುಖದ ಮೇಲೆ ಸ್ಕ್ರೀನಿನ ಬೆಳಕು. ಕೌಂಟರಿನ ಹುಡುಗ ತಲೆ ಎತ್ತದೆಯೇ ಕೇಳುತ್ತಾನೆ: "ಸರ್, ಮೌಸಾ, ಕಂಟ್ರೋಲರಾ?"

ನಿಮ್ಮ ಗೆಳೆಯ ಆಗಲೇ ಕಂಟ್ರೋಲರ್ ಎತ್ತಿಕೊಂಡಾಗಿದೆ. ಪಕ್ಕದ ಕುರ್ಚಿ ನಿಮ್ಮದು. ಕೀಬೋರ್ಡಿನಲ್ಲಿ ಡಬ್ಲ್ಯೂ, ಎ, ಎಸ್, ಡಿ ಕೀಗಳ ಅಕ್ಷರ ಅಳಿಸಿಹೋಗಿ ಬೆರಳಿನ ಜಿಡ್ಡು ಮಿರುಗುತ್ತಿದೆ, ಮಿಕ್ಕವು ಹೊಸದರಂತಿವೆ. ಎಡಗೈಯನ್ನು ಈ ನಾಲ್ಕರ ಮೇಲಿಡುವ ರೂಢಿ ಹಬ್ಬಿಸಿದವರಲ್ಲಿ ದೊಡ್ಡ ಹೆಸರು ಡೆನಿಸ್ ಫಾಂಗ್. 1997ರಲ್ಲಿ ಅಟ್ಲಾಂಟಾದಲ್ಲಿ ಕ್ವೇಕ್ ಫೈನಲ್ ಗೆದ್ದು, ಆ ಆಟದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್‌ನ ಕೆಂಪು ಫೆರಾರಿಯನ್ನೇ ಬಹುಮಾನವಾಗಿ ಒಯ್ದವ.

ಏಪೆಕ್ಸ್ ಲೆಜೆಂಡ್ಸ್‌ನ ಫೈರಿಂಗ್ ರೇಂಜ್ ತೆರೆಯುತ್ತದೆ. ಅಭ್ಯಾಸಕ್ಕೆಂದು ಬೊಂಬೆಗಳು ನಿಂತಿವೆ. ಎಡಗಡೆಯದು ಬಿತ್ತು, ಈಗ ಬಲಗಡೆಯ ದೂರದ್ದು. ಮೌಸನ್ನು ಒಂದೇ ಸಲ ಸರ್ರನೆ ಎಳೆಯುತ್ತೀರಿ. ಗುರಿಯ ಚುಕ್ಕೆ ಹೋಗಿ ಬೊಂಬೆಯ ತಲೆ ಮೇಲೆ ಕೂರುತ್ತದೆ. ಕೈ ನಿಂತಲ್ಲಿ ನೋಟವೂ ನಿಂತಿತು. ಇಷ್ಟು ಸರಿದರೆ ಇಷ್ಟು ತಿರುಗುತ್ತದೆ ಎಂಬ ಲೆಕ್ಕ ಮಣಿಕಟ್ಟಿಗೆ ಬಾಯಿಪಾಠ.

ಕಂಟ್ರೋಲರ್ ಇಸಿದುಕೊಳ್ಳಿ. ಬಲ ಸ್ಟಿಕ್ಕಿನ ರಬ್ಬರು ಸವೆದು ನುಣುಪಾಗಿದೆ. ಹೆಬ್ಬೆರಳಿನಿಂದ ಒಂದು ಕಡೆಗೆ ತಳ್ಳಿ ಹಿಡಿದರೆ ನೋಟ ತಿರುಗುತ್ತಲೇ ಇರುತ್ತದೆ. ಸ್ಟಿಕ್ಕು ಹೇಳುವುದು ಎಷ್ಟು ದೂರ ಅಂತಲ್ಲ, ಎಷ್ಟು ಜೋರು ಅಂತ. ನಿಲ್ಲಿಸಬೇಕಾದರೆ ಸರಿಯಾದ ಗಳಿಗೆಗೆ ಬಿಡಬೇಕು. ತಡವಾಯಿತು, ಬೊಂಬೆ ದಾಟಿ ಹೋದಿರಿ. ವಾಪಸ್ ಎಳೆದಿರಿ, ಈ ಕಡೆಗೆ ದಾಟಿತು.

"ಆ ಸ್ಟಿಕ್ ಬಿಟ್ಬಿಡು ಮಗಾ," ಗೆಳೆಯ ನಗುತ್ತಾನೆ. "ಎಡಗಡೆದ್ರಲ್ಲಿ ಬರೀ ಪಕ್ಕಕ್ಕೆ ನಡಿ."

ನಡೆಯುತ್ತೀರಿ. ಬಲ ಹೆಬ್ಬೆರಳು ಏನನ್ನೂ ಮುಟ್ಟಿಲ್ಲ. ಆದರೂ ಚುಕ್ಕೆ ಬೊಂಬೆಯ ಎದೆಯನ್ನು ಬಿಡಲೊಲ್ಲದೆ ತಾನೇ ಹೊರಳುತ್ತಿದೆ. ಏಮ್ ಅಸಿಸ್ಟ್ ಎಂದರೆ ಇದೇ. 2001ರಲ್ಲಿ ಹೇಲೋ ಬಂದು, ಕನ್ಸೋಲಿನಲ್ಲೂ ಗುಂಡಿನ ಆಟ ಸಲೀಸು ಎಂದು ಜನ ಒಪ್ಪಿದ್ದರಲ್ಲಿ ಇಂಥ ಗುಟ್ಟಿನ ಸಹಾಯದ ಪಾಲು ದೊಡ್ಡದು.

"ಲೇ, ಅವ್ನಲ್ಲ ಕಣೋ, ಸಾಫ್ಟ್‌ವೇರ್ ಹೊಡೀತಿರೋದು!" ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ. ಪೂರ್ತಿ ಸುಳ್ಳೂ ಅಲ್ಲ. ಎದುರಾಳಿ ದಿಕ್ಕು ಬದಲಿಸಿದ್ದನ್ನು ಕಣ್ಣು ಕಂಡು, ಕೈ ಹಿಂಬಾಲಿಸುವಷ್ಟು ಹೊತ್ತು ಆ ಸಹಾಯಕ್ಕೆ ಬೇಕಿಲ್ಲ. ಹತ್ತಿರದ ಹೊಡೆದಾಟದಲ್ಲಿ ಅದೇ ಗೆಲ್ಲಿಸುತ್ತದೆ. ದೂರಕ್ಕೆ ಹೋದಿರೋ, ಮೌಸಿಗೆ ಸಮ ಇನ್ನೊಂದಿಲ್ಲ.

ಆ ಗಲಾಟೆ ಬಿಟ್ಟು ಫೋರ್ಜಾ ಹೊರೈಜನ್ 5. ಮೆಕ್ಸಿಕೋದ ಮಣ್ಣಿನ ರಸ್ತೆ, ಎದುರಿಗೆ ತಿರುವು. ಡಬ್ಲ್ಯೂ ಒತ್ತಿದರೆ ಪೂರ್ತಿ ಆಕ್ಸಿಲರೇಟರ್, ಬಿಟ್ಟರೆ ಸೊನ್ನೆ. 'ಸ್ವಲ್ಪ' ಅನ್ನುವುದೇ ಕೀಗೆ ಗೊತ್ತಿಲ್ಲ. ಟಕಟಕ ಬಡಿದು ಸಂಭಾಳಿಸಲು ನೋಡುತ್ತೀರಿ. ಹಿಂಬದಿ ಜಾರಿ ಕಾರು ಕಳ್ಳಿಗಿಡಗಳ ಮೇಲೆ. ಎಕ್ಸ್‌ಬಾಕ್ಸ್ ಕಂಟ್ರೋಲರಿನ ಟ್ರಿಗರ್ ಮಾತ್ರ ತೋರುಬೆರಳಿಗೆ ಕಾಲು, ಅರ್ಧ, ಮುಕ್ಕಾಲು ಎಲ್ಲವನ್ನೂ ಕೊಡುತ್ತದೆ. ಚಕ್ರ ಹಿಡಿತ ತಪ್ಪುತ್ತಿದ್ದಂತೆ ಬೆರಳಡಿಯೇ ನಡುಗುತ್ತದೆ. ರಾಕೆಟ್ ಲೀಗ್‌ನ ವೃತ್ತಿಪರರಲ್ಲಿ ಬಹುತೇಕರು ಕಂಪ್ಯೂಟರಿನ ಮುಂದೆಯೇ ಕೂತು ಕಂಟ್ರೋಲರ್ ಹಿಡಿಯುವುದು ಸುಮ್ಮನೆ ಅಲ್ಲ.

ಆಮೇಲೆ ಏಜ್ ಆಫ್ ಎಂಪೈರ್ಸ್ 2. ಮೌಸಿನಲ್ಲಿ ಚೌಕ ಎಳೆದು ಆರು ಹಳ್ಳಿಗರನ್ನು ಕಾಡಿಗೆ, ಮೂವರನ್ನು ಚಿನ್ನಕ್ಕೆ ಅಟ್ಟುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. 2023ರಲ್ಲಿ ಈ ಆಟ ಎಕ್ಸ್‌ಬಾಕ್ಸಿಗೂ ಬಂತು. ಸ್ಟಿಕ್ಕಿನಲ್ಲಿ ಒಬ್ಬೊಬ್ಬರನ್ನೇ ಹುಡುಕಿ ಹಿಡಿಯುವಷ್ಟರಲ್ಲಿ ಶತ್ರು ಊರೊಳಗಿರುತ್ತಾನೆ. ಅದಕ್ಕೇ ಯಾರು ಸೌದೆಗೆ, ಯಾರು ಆಹಾರಕ್ಕೆ ಎಂದು ಹಂಚುವ ಕೆಲಸವನ್ನು, ಬೇಕೆಂದರೆ, ಆಟವೇ ವಹಿಸಿಕೊಳ್ಳುವ ಏರ್ಪಾಡು. ಅಲ್ಲಿ ಗುರಿ ಹಿಡಿಯುವುದು, ಇಲ್ಲಿ ಆಳು ಹಂಚುವುದು. ಹೆಬ್ಬೆರಳಿಗೆ ಎಟುಕದ್ದನ್ನೆಲ್ಲ ಆಟವೇ ಮಾಡಿಕೊಡುತ್ತದೆ. ನನ್ನನ್ನು ಕೇಳಿದರೆ, ಸಾಲ ಪಡೆದ ಆ ಜಾಣತನಕ್ಕಿಂತ ನನ್ನದೇ ದಡ್ಡತನ ವಾಸಿ.

ಗೆಳೆಯನಿಗೆ ಅಂಥ ಹಟವಿಲ್ಲ. ಕುರ್ಚಿ ಹಿಂದಕ್ಕೆ ಬಾಗಿಸಿ, ಕಾಲು ಚಾಚಿ, ಹೊಟ್ಟೆಯ ಮೇಲೆ ಕಂಟ್ರೋಲರ್ ಇಟ್ಟುಕೊಂಡು ಸೋಲುತ್ತಿದ್ದಾನೆ. ಮೌಸ್ ಅವನತ್ತ ತಳ್ಳುತ್ತೀರಿ.

"ವಾರವಿಡೀ ಎಕ್ಸೆಲ್‌ನಲ್ಲಿ ಅದನ್ನ ಹಿಡ್ದೂ ಹಿಡ್ದೂ ಸಾಕಾಗಿದೆ ಮಗಾ. ಇಲ್ಲಿಗೂ ಬಂದು ಅದೇನಾ? ಇನ್ನೊಂದ್ ಗಂಟೆ ಹಾಕ್ಸು."